ಸಹಾಯ ಬೇಕು: ‘ಅಸ್ಯಾಸಿನ್ಸ್ ಕ್ವೆಸ್ಟ್’ ಕಾದಂಬರಿಯ ಪ್ರತಿ ಯಾರಲ್ಲಾದರೂ ಇದೆಯೇ?

ಎಲ್ಲರಿಗೂ ನಮಸ್ಕಾರ. ರಾಬಿನ್ ಹಾಬ್ ಅವರ ಫಾರ್‌ಸೀರ್ ಎಂಬ ಇಂಗ್ಲಿಷ್ ಫ್ಯಾಂಟಸಿ ಮಾಲೆಯ ಮೊದಲೆರಡು ಕಾದಂಬರಿಗಳನ್ನು ಓದಿ ಮುಗಿಸಿದ್ದು, 1997ರಲ್ಲಿ ಬಂದ ಮೂರನೆಯ ಹಾಗೂ ಕೊನೆಯ ಸಂಪುಟವು ದಾವಣಗೆರೆಯ ಅಂಗಡಿಗಳಲ್ಲಿ ದೊರೆಯದ ಕಾರಣ ಇಲ್ಲಿ ಕೇಳುತ್ತಿದ್ದೇನೆ. ಪಟ್ಟಕ್ಕೆ ಹಕ್ಕುಳ್ಳ ವೆರಿಟಿ ನೆರವು ಹುಡುಕಿಕೊಂಡು ಬೆಟ್ಟಗಳಾಚೆ ಹೋಗಿರುವಾಗ, ಮಲಸಹೋದರ ರೀಗಲ್ ಕರಾವಳಿಯನ್ನು ದಾಳಿಕಾರರ ಪಾಲಿಗೆ ಬಿಟ್ಟು, ಕೋಟೆಯ ಕುದುರೆ, ದನಕರು, ದವಸಗಳನ್ನೆಲ್ಲ ಒಳನಾಡಿಗೆ ಸಾಗಿಸುವ ಭಾಗವನ್ನು ಓದಿದ ಮೇಲೆ, ರಾಜ್ಯವೊಂದನ್ನು ಒಳಗಿನಿಂದಲೇ ಬರಿದು ಮಾಡುವ ಬಗೆಯನ್ನು ಇಷ್ಟು ವಿವರವಾಗಿ ಬರೆದವರು ವಿರಳವೆನ್ನಿಸಿತು. ಮುಂದಿನದನ್ನು ಓದದೆ ಇರಲಾಗುತ್ತಿಲ್ಲ.

ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಯಾರ ಬಳಿಯಾದರೂ ಪ್ರತಿಯಿದ್ದರೆ ದಯವಿಟ್ಟು ಎರವಲು ಕೊಡಿ. ನಾನೇ ಬಂದು ಒಯ್ದು, ರಟ್ಟು ಹಾಕಿ ಜೋಪಾನವಾಗಿ ಓದಿ ಮರಳಿಸುತ್ತೇನೆ. ಈಗಾಗಲೇ ಓದಿದವರು, ಅಂತ್ಯವನ್ನು ಮಾತ್ರ ಹೇಳದೆ, ಇದನ್ನು ಓದಲು ತೊಡಗುವ ಮುನ್ನ ಎರಡನೆಯ ಸಂಪುಟವನ್ನು ಮತ್ತೊಮ್ಮೆ ಓದಿಕೊಳ್ಳುವುದು ಅಗತ್ಯವೇ ಎಂಬುದನ್ನೂ ತಿಳಿಸಿ.