ಮಾಲ್ಟ್ ಎಕ್ಸ್‌ಟ್ರಾಕ್ಟ್‌ನಿಂದ ಇಂಗ್ಲಿಷ್ ಬಿಟರ್: ಮನೆಯಲ್ಲಿ ಮಾಡಿದವರು ಹೇಳಿ

ಕೇಳಿದ್ದು: ಲೀಡ್ಸ್‌ನಲ್ಲಿದ್ದೇನೆ. ಡಬ್ಬಿಯ ಮಾಲ್ಟ್ ಪಾಕದ ಕಿಟ್‌ಗೆ ಒಂದು ಕೆಜಿ ಸಕ್ಕರೆ ಹಾಕಿ ಏಲ್ (ಬಿಯರಿನ ಒಂದು ಬಗೆ) ಮಾಡಿದೆ, ನೀರುನೀರಾಗಿ ಬಂತು. ಪಬ್ಬಿನ ಬಿಟರ್‌ನಂತೆ (ಇಂಗ್ಲಿಷರ ಕಹಿ ಏಲ್) ಆಗಲು ಏನು ಮಾಡಬೇಕು? ಕುದಿಸಲು ಇರುವುದು 10 ಲೀಟರಿನ ಒಂದೇ ಪಾತ್ರೆ.

ಉತ್ತರ 1: ಮೊದಲು ಆ ಸಕ್ಕರೆ ಬಿಡಿ. ಅದೆಲ್ಲ ಆಲ್ಕೋಹಾಲ್ ಆಗಿಹೋಗುತ್ತದೆ, ನಾಲಿಗೆಗೆ ಏನೂ ಉಳಿಯುವುದಿಲ್ಲ. ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಸೇರಿಸದ ಲೈಟ್ ಮಾಲ್ಟ್ ಎಕ್ಸ್‌ಟ್ರಾಕ್ಟ್ ಪುಡಿ (ಮೊಳಕೆ ಬಾರ್ಲಿಯ ಸಾರ ಒಣಗಿಸಿದ್ದು) ತಂದು, ಹಾಪ್ಸ್ ನೀವೇ ಕುದಿಸಿ. ಪಾಕದ ರೂಪದ್ದೂ ಸಿಗುತ್ತದೆ, ಆದರೆ ಅಂಗಡಿಯಲ್ಲಿ ಜಾಸ್ತಿ ದಿನ ಕೂತರೆ ಕಪ್ಪಾಗುತ್ತದೆ. ನನಗೆ ಪುಡಿಯೇ ಇಷ್ಟ.

20 ಲೀಟರಿಗೆ ನನ್ನ ಲೆಕ್ಕ: 2 ಕೆಜಿ ಪುಡಿ, 250 ಗ್ರಾಂ ಕ್ರಿಸ್ಟಲ್ ಮಾಲ್ಟ್ (ಹುರಿದ ಮೊಳಕೆ ಬಾರ್ಲಿ), 70 ಗ್ರಾಂ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸ್, ಒಂದು ಪೊಟ್ಟಣ ಎಸ್-04 ಎಂಬ ಏಲ್ ಯೀಸ್ಟ್. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಕೊಳವೆ) ಶುರುವಿಗೆ 1.040, ಕೊನೆಗೆ 1.010ರ ಆಸುಪಾಸು ತೋರಿಸುತ್ತದೆ. ಆಲ್ಕೋಹಾಲ್ ಹೆಚ್ಚುಕಡಿಮೆ ಶೇ. 4.

ಜಜ್ಜಿದ ಕ್ರಿಸ್ಟಲ್ ಮಾಲ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, 6 ಲೀಟರ್ ನೀರಿನಲ್ಲಿ 65–70 ಡಿಗ್ರಿಯಲ್ಲಿ ಅರ್ಧ ಗಂಟೆ ನೆನೆಸಿ. ಪಬ್ಬಿನ ಬಿಟರ್‌ನ ಆ ತಾಮ್ರದ ಬಣ್ಣ, ಸುಟ್ಟ ಸಕ್ಕರೆಯ ಸಣ್ಣ ಸಿಹಿ ಬರುವುದು ಇದರಿಂದಲೇ. ನೀರು ಕುದಿಯುವ ಮೊದಲು ಗಂಟು ತೆಗೆದುಬಿಡಿ, ಇಲ್ಲದಿದ್ದರೆ ಸಿಪ್ಪೆ ಒಗರು ಬಿಡುತ್ತದೆ.

ಆಮೇಲೆ ಒಲೆ ಆರಿಸಿ ಅರ್ಧ ಕೆಜಿ ಪುಡಿ ಮಾತ್ರ ಕಲಸಿ. ಉರಿ ಇದ್ದಾಗಲೇ ಸುರಿದರೆ ತಳ ಹಿಡಿಯುತ್ತದೆ, ಆ ವಾಸನೆ ಕೊನೆಯ ಬಾಟಲಿವರೆಗೂ ಹೋಗುವುದಿಲ್ಲ. ಮತ್ತೆ ಒಲೆ ಹಚ್ಚಿ. ಮೊದಲ ಕುದಿಗೆ ಹಾಲಿನಂತೆ ಉಕ್ಕುತ್ತದೆ, ಪಾತ್ರೆ ಬಿಟ್ಟು ಕದಲಬೇಡಿ. ನೊರೆ ಇಳಿದ ಮೇಲೆ 50 ಗ್ರಾಂ ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿ. ಇದು ಕಹಿಗೆ. ಕೊನೆಯ 10 ನಿಮಿಷ ಇದ್ದಾಗ ಉಳಿದ 20 ಗ್ರಾಂ ಹಾಕಿ, ಇದು ಪರಿಮಳಕ್ಕೆ. ಮಿಕ್ಕ ಒಂದೂವರೆ ಕೆಜಿ ಪುಡಿಯೂ ಆಗಲೇ, ಮತ್ತೆ ಒಲೆ ಆರಿಸಿಕೊಂಡು. ಚಿಕ್ಕ ಪಾತ್ರೆಯಲ್ಲಿ ಎಲ್ಲವನ್ನೂ ಮೊದಲೇ ಹಾಕಿದರೆ ಬಣ್ಣ ಕಪ್ಪಾಗುತ್ತದೆ, ಹಾಪ್ಸ್ ಕಹಿಯೂ ಸರಿಯಾಗಿ ಇಳಿಯುವುದಿಲ್ಲ.

ಸಿಂಕಿನಲ್ಲಿ ತಣ್ಣೀರು ತುಂಬಿ ಪಾತ್ರೆ ಇಡಿ. ಆರಿದ ಮೇಲೆ ಬಕೆಟ್ಟಿಗೆ ಸುರಿದು, ನೀರು ಸೇರಿಸಿ 20 ಲೀಟರ್ ಮಾಡಿ. 20 ಡಿಗ್ರಿಗೆ ಇಳಿದ ಮೇಲೆಯೇ ಯೀಸ್ಟ್.

ಉತ್ತರ 2: ಮೇಲಿನ ಲೆಕ್ಕ ಚೆನ್ನಾಗಿದೆ. ನಾನು ಒತ್ತಿ ಹೇಳುವುದು ನಲ್ಲಿ ನೀರಿನ ಬಗ್ಗೆ. ನೀರಿನ ಕ್ಲೋರಿನ್ ಹಾಗೇ ಉಳಿದರೆ ಏಲ್‌ಗೆ ಆಸ್ಪತ್ರೆಯ ಔಷಧಿ ವಾಸನೆ ಬರುತ್ತದೆ. ಆಮೇಲೆ ಎಷ್ಟು ದಿನ ಇಟ್ಟರೂ ಹೋಗದು. ಅರ್ಧ ಕ್ಯಾಂಪ್ಡನ್ ಮಾತ್ರೆ (ಕ್ಲೋರಿನ್ ತೆಗೆಯುವ ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಎಲ್ಲಾ ನೀರಿಗೆ ಮೊದಲೇ ಬೆರೆಸಿ, ಸಾಕು.

ಹುದುಗುವಾಗ 18–20 ಡಿಗ್ರಿ ದಾಟಬಾರದು. ಮೊದಲ ಎರಡು ಮೂರು ದಿನ ಬಕೆಟ್ ತಾನೇ ಬಿಸಿಯಾಗುತ್ತದೆ, ಅದನ್ನೇ ಬಹಳ ಜನ ಮರೆಯುತ್ತಾರೆ. ನೀರಿನ ಟಬ್‌ನಲ್ಲಿ ಬಕೆಟ್ ಇಟ್ಟರೆ ಹಿಡಿತದಲ್ಲಿರುತ್ತದೆ. ಗುಳ್ಳೆ ನಿಂತಿತು ಎಂದು ಬಾಟಲಿಗೆ ತುಂಬಬೇಡಿ. ಎರಡು ಮೂರು ದಿನ ಬಿಟ್ಟು ಅಳೆದರೂ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಬೇಕು, ಇಲ್ಲದಿದ್ದರೆ ಬಾಟಲಿ ಸಿಡಿಯಬಹುದು. ತುಂಬುವಾಗ 20 ಲೀಟರಿಗೆ 80 ಗ್ರಾಂ ಸಕ್ಕರೆ ಸಾಕು. ಬಿಟರ್‌ಗೆ ಗ್ಯಾಸ್ ಕಡಿಮೆಯೇ ಇರಬೇಕು, ಅಲ್ವಾ? ಎರಡು ವಾರ ಬೆಚ್ಚಗಿಡಿ, ಆಮೇಲೆ ತಂಪಿನಲ್ಲಿ. ಕುಡಿಯುವಾಗ 12 ಡಿಗ್ರಿ ಇರಲಿ. ಫ್ರಿಜ್ಜಿನಿಂದ ತೆಗೆದು ಕೂಡಲೇ ಕುಡಿದರೆ ಗೋಲ್ಡಿಂಗ್ಸ್ ಪರಿಮಳ ಸುಮ್ನೆ ವ್ಯರ್ಥ.

ಉತ್ತರ 3: ಇದನ್ನು ಓದಿ ಬೆಂಗಳೂರಿನಲ್ಲಿ ಮಾಡಲು ಹೊರಡುವವರಿಗೆ ಒಂದು ಮಾತು. ಬ್ರಿಟನ್‌ನಲ್ಲಿ ಸ್ವಂತಕ್ಕೆ ಬಿಯರ್ ಮಾಡಲು 1963ರಿಂದ ಲೈಸೆನ್ಸ್ ಬೇಕಿಲ್ಲ, ಮಾರುವಂತಿಲ್ಲ ಅಷ್ಟೆ. ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.