ನಿಂತುಹೋದ ಸ್ತನಕೋಶಗಳು: ಪ್ಲೇಟ್ ಎಸೆಯಬೇಕಾ?

ಹಾಸನದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಎರಡನೇ ವರ್ಷ. ಸ್ತನದ ಗಾತ್ರ ಇಳಿಸೋ ಆಪರೇಷನ್‌ನಲ್ಲಿ ತೆಗೆದ ಅಂಗಾಂಶದಿಂದ ಎಪಿಥೀಲಿಯಲ್ (ಒಳಪದರದ) ಕೋಶ ಬೆಳೆಸ್ತಿದ್ದೀನಿ. ಒಪ್ಪಿಗೆ ಪತ್ರ, ಎಥಿಕ್ಸ್ ಕಮಿಟಿ ಎಲ್ಲ ಆಗಿದೆ. ಮೀಡಿಯಂ, ಅಂದ್ರೆ ಕೋಶಕ್ಕೆ ಹಾಕೋ ಪೋಷಕ ದ್ರವ, ಸೀರಂ ಇಲ್ಲದ ಎಂಸಿಡಿಬಿ 170. ಮೂರು ಪ್ಯಾಸೇಜ್ (ಕೋಶ ಬಿಡಿಸಿ ಹೊಸ ಪ್ಲೇಟಿಗೆ ಹಾಕೋದು) ಸೊಗಸಾಗಿ ಬಂತು. ನಾಲ್ಕನೆಯದಕ್ಕೆ ಕೋಶಗಳು ಹುಯ್ದ ದೋಸೆ ಥರ ಅಗಲವಾಗಿ ಕೂತುಬಿಟ್ಟಿವೆ, ವಿಭಜಿಸ್ತಿಲ್ಲ. ಹದಿನೈದು ದಿನದಿಂದ ಮೀಡಿಯಂ ಬದಲಿಸೋದೊಂದೇ ಕೆಲಸ. "ಎಸೆದು ಬೇರೆ ಸ್ಯಾಂಪಲ್ ತಗೋ" ಅಂತಾರೆ ಗೈಡ್. ಟೆಲೊಮರೇಸ್ (ಕ್ರೋಮೊಸೋಮ್ ತುದಿ ಸವೆಯದಂತೆ ಕಾಯೋ ಕಿಣ್ವ) ಜೀನ್ ಹಾಕಿದ್ರೆ ಏಳ್ತವಾ?

ಹಳೇ ಇನ್‌ಕ್ಯುಬೇಟರ್:
ಎಸೀಬೇಡಮ್ಮ, ತಡಿ. ನಾನೂ ಇದೇ ಹಂತದಲ್ಲಿ ಎರಡು ಪ್ಲೇಟ್ ಬ್ಲೀಚಿಗೆ ಹಾಕಿ ಆಮೇಲೆ ಕೈ ಕೈ ಹಿಸುಕಿಕೊಂಡವನು.

ಈಗ ನಿಂತಿರೋದು ಟೆಲೊಮಿಯರ್, ಅಂದ್ರೆ ಕ್ರೋಮೊಸೋಮ್ ತುದಿ, ಸವೆದು ಅಲ್ಲ. ಪಿ16 ಪ್ರೋಟೀನ್ ಏರಿ ವಿಭಜನೆಗೆ ಬ್ರೇಕ್ ಹಾಕಿದೆ. ಆ ಬ್ರೇಕ್ ತೆಗೀದೆ ಟೆಲೊಮರೇಸ್ ಒಂದನ್ನೇ ಕೊಟ್ರೆ ಸ್ತನಕೋಶ ಅಮರ (ನಿಲ್ಲದೆ ವಿಭಜಿಸ್ತಾ ಹೋಗೋದು) ಆಗಲ್ಲ, 1998ರಲ್ಲೇ ತೋರಿಸಿದಾರೆ. ಜೀನ್ ಸಾಗಿಸೋ ರೆಟ್ರೊವೈರಸ್‌ನಲ್ಲಿ ಹಾಕ್ತೀನಿ ಅಂದ್ರೆ ಅದು ವಿಭಜಿಸದ ಕೋಶದೊಳಗೆ ಕೂರೋದೂ ಇಲ್ಲ.

ಆದ್ರೆ ನಿನ್ನ ಮೀಡಿಯಂನಲ್ಲಿ ಒಂದು ತಮಾಷೆ ಇದೆ. ಕೆಲವೇ ಕೋಶಗಳಲ್ಲಿ ಪಿ16 ಜೀನ್ ಮೆಥೈಲೇಷನ್ (ಡಿಎನ್‌ಎ ಮೇಲೆ ಬೀಳೋ ರಾಸಾಯನಿಕ ಗುರುತು) ಆಗಿ ತೆಪ್ಪಗಾಗಿರುತ್ತೆ. ದಿನಾ ಪ್ಲೇಟನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡು. ಆ ಅಗಲ ಕೋಶಗಳ ನಡುವೆ ಸಣ್ಣ, ಹೊಳೆಯೋ, ಒತ್ತೊತ್ತಾದ ಕೋಶಗಳ ತೇಪೆ ಕಂಡ್ರೆ ಅಲ್ಲೇ ತಳಕ್ಕೆ ಮಾರ್ಕರಿನಿಂದ ಗುರುತು ಹಾಕು. ಅವನ್ನು ಬೇರೆ ಮಾಡಿ ಬೆಳೆಸಿ, ಬೇಗ ಟೆಲೊಮರೇಸ್ ಹಾಕು. ತಡ ಮಾಡಿದ್ರೆ ಅವೂ ಟೆಲೊಮಿಯರ್ ಸವೆದು ನಿಲ್ತವೆ. ಉದ್ದುದ್ದ ಕೋಶ ಸಾಲಾಗಿ ಬಂದ್ರೆ ಹಿಗ್ಗಬೇಡ, ಅದು ಫೈಬ್ರೊಬ್ಲಾಸ್ಟ್, ಸಂಯೋಜಕ ಅಂಗಾಂಶದ ಕೋಶ. ಟ್ರಿಪ್ಸಿನ್‌ಗೆ (ಪ್ಲೇಟಿಂದ ಕೋಶ ಬಿಡಿಸೋ ಕಿಣ್ವ) ಮೊದಲು ಬಿಡೋದು ಅದೇ, ಆ ದ್ರವ ಚೆಲ್ಲಿ ಉಳಿದದ್ದನ್ನ ಇಟ್ಟುಕೋ.

ಸುಮ್ನೆ ಕೇಳ್ದೆ:
ಇಷ್ಟೆಲ್ಲಾ ಒದ್ದಾಟ ಯಾಕೆ ಸಾರ್? ಎಂಸಿಎಫ್-7 ಅನ್ನೋ ರೆಡಿ ಸೆಲ್ ಲೈನ್ ತರಿಸಿದ್ರೆ ಮುಗೀತಲ್ಲ.

ಹಳೇ ಇನ್‌ಕ್ಯುಬೇಟರ್:
ಅದು ಕ್ಯಾನ್ಸರ್ ಕೋಶ ಮಾರಾಯ. ಡೆಟ್ರಾಯ್ಟ್‌ನಲ್ಲಿ ಹರ್ಬರ್ಟ್ ಸೂಲ್ ತಂಡ 69 ವರ್ಷದ ಸನ್ಯಾಸಿನಿಯೊಬ್ಬರ ಎದೆಗೂಡಿನ ನೀರಿನಿಂದ ಬೆಳೆಸಿದ್ದು, 1973ರಲ್ಲಿ ಪ್ರಕಟವಾಯ್ತು. ಹೆಸರಿನ ಕೊನೆಯ 7 ಅಂದ್ರೆ ಏಳನೇ ಪ್ರಯತ್ನ. ಈ ಹುಡುಗಿಗೆ ಬೇಕಿರೋದು ಕ್ಯಾನ್ಸರ್ ಅಲ್ಲದ್ದು. ಅದಕ್ಕೆ ಎಲ್ಲರೂ ಹಿಡಿಯೋದು ಅದೇ ಊರಿನ ಎಂಸಿಎಫ್-10ಎ: 36 ವರ್ಷದ ಹೆಂಗಸಿನ ಗಂಟುಗಂಟಾದ, ಕ್ಯಾನ್ಸರ್ ಇಲ್ಲದ ಸ್ತನದ್ದು. ಯಾರೂ ಜೀನ್ ಹಾಕಿಲ್ಲ, ತಾನಾಗೇ ಅಮರ ಆಯ್ತು. 'ನಾರ್ಮಲ್' ಅಂತ ಪೇಪರಲ್ಲಿ ಬರೀತಾರೆ, ನಂಗೆ ನಗು ಬರುತ್ತೆ. ಪಿ16 ಜೀನೇ ಅದರಲ್ಲಿ ಹಾರಿಹೋಗಿದೆ, ಈಸ್ಟ್ರೊಜನ್ ಹಾರ್ಮೋನನ್ನ ಹಿಡಿಯೋ ರಿಸೆಪ್ಟರೂ ಇಲ್ಲ. ಟ್ರಿಪ್ಸಿನ್ ಹಾಕಿ ಒಂದು ಕಾಫಿ ಕುಡಿದು ಬಂದ್ರೂ ಪ್ಲೇಟ್ ಬಿಟ್ಟಿರಲ್ಲ ಆ ಪುಣ್ಯಾತ್ಮ ಕೋಶಗಳು.

ಹುಡುಗಿ, ಇನ್ನೊಂದು. ಮೂಲ ಅಂಗಾಂಶದ ಒಂದು ಚೂರು ಫ್ರೀಜರ್‌ನಲ್ಲಿ ಇದೆಯಾ? ಮುಂದೆ ಎಸ್‌ಟಿಆರ್ ಪರೀಕ್ಷೆಗೆ (ಕೋಶ ಯಾರದ್ದು ಅಂತ ಹೇಳೋ ಡಿಎನ್‌ಎ ಬೆರಳಚ್ಚು) ಬೇಕು. ಎಂಡಿಎ-ಎಂಬಿ-435 ಅನ್ನೋ ಲೈನನ್ನ ಸ್ತನದ್ದು ಅಂತ ವರ್ಷಗಟ್ಟಲೆ ಬಳಸಿದ್ರು. ಕೊನೆಗೆ ನೋಡಿದ್ರೆ ಎಂ14 ಅನ್ನೋ ಮೆಲನೋಮಾ, ಚರ್ಮದ ಕ್ಯಾನ್ಸರ್!

ಹಾಸನದ ಹುಡುಗಿ:
ಚೂರು ಇದೆ ಸಾರ್, ಮೈನಸ್ 80ರಲ್ಲಿ. ಈಗಷ್ಟೇ ಓರೆಯಾಗಿ ಹಿಡಿದು ನೋಡಿದೆ. ಅಂಚಿನ ಹತ್ರ ಎರಡು ತೇಪೆ, ಒಂದು ಸಾಸಿವೆಯಷ್ಟು. ಮಾರ್ಕ್ ಮಾಡಿದೀನಿ. ಗೈಡ್‌ಗೆ ಸೋಮವಾರ ಹೇಳ್ತೀನಿ.