ಮ್ಯಾನಿಕಿನ್ ಮೇಲೆ ಕಲಿತ ದೈಹಿಕ ತಪಾಸಣೆ ವಾರ್ಡಿನಲ್ಲಿ ಏಕೆ ಕೈಕೊಡುತ್ತದೆ?

ಪ್ರಶ್ನೆ:
ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ದೈಹಿಕ ತಪಾಸಣೆ ಕಲಿಸುತ್ತೇನೆ. ಸಿಮ್ಯುಲೇಶನ್ ಲ್ಯಾಬಿನಲ್ಲಿ ಮ್ಯಾನಿಕಿನ್ (ಮನುಷ್ಯಾಕಾರದ ತರಬೇತಿ ಬೊಂಬೆ) ಮೇಲೆ ಉಸಿರಾಟದ ಶಬ್ದಗಳನ್ನು ತಪ್ಪಿಲ್ಲದೆ ಗುರುತಿಸಿದವರೇ ವಾರ್ಡಿನಲ್ಲಿ ರೋಗಿಯ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟಾಗ ತಬ್ಬಿಬ್ಬಾಗುತ್ತಾರೆ. ಮೊನ್ನೆ ಒಬ್ಬ ವಿದ್ಯಾರ್ಥಿನಿ ಅಂಗಿಯ ಮೇಲೆಯೇ ಸ್ಟೆತೊಸ್ಕೋಪ್ ಇಟ್ಟು, ಬಟ್ಟೆ ಉಜ್ಜಿದ ಸದ್ದನ್ನು ಕ್ರ್ಯಾಕಲ್ಸ್ (ಶ್ವಾಸಕೋಶದಲ್ಲಿ ಕೇಳಿಸುವ ಅಸಹಜ ಚಟಪಟ ಸದ್ದು) ಎಂದು ಬರೆದಿದ್ದಳು. ಲ್ಯಾಬಿನ ಅವಧಿಯನ್ನು ಕಡಿಮೆ ಮಾಡಿ ವಾರ್ಡಿನ ಅವಧಿಯನ್ನು ಹೆಚ್ಚಿಸುವುದು ಸರಿಯೇ?

ಉತ್ತರ 1:
ತೊಂದರೆ ಇರುವುದು ಅವಧಿಯಲ್ಲಲ್ಲ, ಮ್ಯಾನಿಕಿನ್‌ನಿಂದ ನಾವು ಏನನ್ನು ನಿರೀಕ್ಷಿಸುತ್ತೇವೆ ಎಂಬುದರಲ್ಲಿ ಎಂದು ನನ್ನ ಅಭಿಪ್ರಾಯ. ಅದರ ಎದೆಯೊಳಗೆ ಶಬ್ದ ಹೊರಡುವುದು ಕೆಲವೇ ಜಾಗಗಳಲ್ಲಿ ಕೂರಿಸಿದ ಸ್ಪೀಕರ್‌ಗಳಿಂದ. ಹೀಗಾಗಿ ವಿದ್ಯಾರ್ಥಿಗಳು ಎಡಬಲಗಳನ್ನು ಹೋಲಿಸಿ ಕೇಳುವುದಕ್ಕಿಂತ ಸ್ಪೀಕರ್ ಎಲ್ಲಿದೆ ಎಂದು ಹುಡುಕುವುದರಲ್ಲೇ ಪಳಗಿಬಿಡುತ್ತಾರೆ. ಬೆರಳು ತಟ್ಟಿ ನೋಡಿದರೆ ಪ್ಲಾಸ್ಟಿಕ್ಕಿನ ಸದ್ದೇ ಹೊರತು ಯಕೃತ್ತಿನ ಮಂದ ಸದ್ದು ಕೇಳಿಸುವುದಿಲ್ಲ. ನಾನು ಮೊದಲು ಸಹಪಾಠಿಗಳನ್ನೇ, ಅವರ ಒಪ್ಪಿಗೆ ಪಡೆದು, ಪರೀಕ್ಷಿಸಲು ಹೇಳುತ್ತೇನೆ, ಏಕೆಂದರೆ ಆರೋಗ್ಯವಂತ ಎದೆಯನ್ನು ಹತ್ತಾರು ಸಲ ಕೇಳದ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸಹಪಾಠಿಗಳಲ್ಲಿ ಸಿಗದ ವೀಜ್ (ಉಸಿರಿನ ಸಿಳ್ಳೆಯಂಥ ಸದ್ದು), ಹೃದಯದ ಅಸಹಜ ಸದ್ದಾದ ಮರ್ಮರ್‌ಗಳಿಗಾಗಿ ಮಾತ್ರ ಆಮೇಲೆ ಮ್ಯಾನಿಕಿನ್ ಬಳಿ ಹೋಗುತ್ತೇವೆ. ತಪಾಸಣೆಯ ಕ್ರಮವನ್ನು ರೂಢಿಸಲೂ ಅದು ಒಳ್ಳೆಯದು: ಹೊಟ್ಟೆಯನ್ನು ಒತ್ತಿ ನೋಡಿದರೆ ಕರುಳಿನ ಶಬ್ದ ಬದಲಾಗಬಹುದಾದ್ದರಿಂದ ಮೊದಲು ಆಲಿಸಬೇಕು ಎಂಬುದನ್ನು ಎಷ್ಟು ಸಲ ಮರೆತರೂ ಅಲ್ಲಿ ಯಾರಿಗೂ ನೋವಾಗುವುದಿಲ್ಲ. ಅಂದಹಾಗೆ, ನಿಮ್ಮ ಮ್ಯಾನಿಕಿನ್‌ಗೆ ಅಂಗಿ ತೊಡಿಸಿರುತ್ತೀರಾ? ಸದಾ ಬರಿಮೈಯಲ್ಲಿರುವ ಬೊಂಬೆಯ ಮೇಲೆ ಕಲಿತವರಿಗೆ ಬಟ್ಟೆ ಸರಿಸಬೇಕೆಂಬುದೇ ಹೊಳೆಯುವುದಿಲ್ಲ.

ಉತ್ತರ 2:
ಇದಕ್ಕೆ ತರಬೇತಿ ಪಡೆದ ನಟ-ರೋಗಿಗಳನ್ನೂ ಸೇರಿಸಿಕೊಳ್ಳಿ. ಅಮೆರಿಕದ ನರವೈದ್ಯ ಹೋವರ್ಡ್ ಬ್ಯಾರೋಸ್ ಅವರು 1963ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ಆರಂಭಿಸಿದ ಈ ಪದ್ಧತಿಯಲ್ಲಿ ರೋಗಿ ಸಂಕೋಚಪಡುತ್ತಾನೆ, ನೋವಿದೆಯೆಂದು ಹೊಟ್ಟೆ ಬಿಗಿಹಿಡಿಯುತ್ತಾನೆ, ನಿಮ್ಮ ಕೈ ತಣ್ಣಗಿದ್ದರೆ ಬೆಚ್ಚಿಬೀಳುತ್ತಾನೆ.

ಉತ್ತರ 3:
ಅವಧಿಯ ಬಗ್ಗೆ ಒಂದು ಮಾತು. ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟವು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಲಿನಿಕಲ್ (ರೋಗಿಗಳ ಬಳಿ ಕಲಿಯುವ) ಅವಧಿಯ ಅರ್ಧದಷ್ಟನ್ನು ಸಿಮ್ಯುಲೇಶನ್‌ಗೆ ಕೊಟ್ಟಾಗಲೂ ಪರವಾನಗಿ ಪರೀಕ್ಷೆಯ ತೇರ್ಗಡೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಅಲ್ಲಿ ಬೋಧಕರು ವಿಶೇಷ ತರಬೇತಿ ಪಡೆದಿದ್ದರು ಮತ್ತು ಸಿಮ್ಯುಲೇಶನ್ ಬಳಿಕ ಕ್ರಮಬದ್ಧವಾದ ಡೀಬ್ರೀಫಿಂಗ್ (ನಡೆದದ್ದನ್ನು ಒಟ್ಟಿಗೆ ಕೂತು ಚರ್ಚಿಸುವುದು) ನಡೆಯುತ್ತಿತ್ತು. ಅದನ್ನು ಬಿಟ್ಟು ಬರೀ ಅಂಕಿಯನ್ನು ಎತ್ತಿಕೊಂಡರೆ ಆಗದು.

ಪ್ರಶ್ನೆ ಕೇಳಿದವರು:
ಇಲ್ಲ, ನಮ್ಮ ಮ್ಯಾನಿಕಿನ್‌ಗೆ ಅಂಗಿಯೇ ಇಲ್ಲ. ನಾಳೆಯೇ ತೊಡಿಸುತ್ತೇನೆ. ಡೀಬ್ರೀಫಿಂಗ್ ಎಂಬ ಹೆಸರಿನಲ್ಲಿ ಇದುವರೆಗೆ ನಾನು ತಪ್ಪುಗಳ ಪಟ್ಟಿ ಓದಿ ಮುಗಿಸುತ್ತಿದ್ದೆ. ಇನ್ನು ಮುಂದೆ ‘ನಿನಗೆ ಕೇಳಿಸಿದ್ದೇನು, ಹಾಗೆಂದು ಏಕೆ ಅಂದುಕೊಂಡೆ’ ಎಂದು ಅವರಿಂದಲೇ ಶುರುಮಾಡಿಸುತ್ತೇನೆ.